ಎಡಗಡೆಯ ಮೇಜು

ಸಾವಿರದ ಒಂಬೈನೂರ ಎಪ್ಪತ್ತೇಳನೆಯ ಇಸವಿಯಲ್ಲಿ, ಹಾವೇರಿಯ ಶಾಲೆಯೊಂದರ ಉದ್ದನೆಯ ಹಾಲಿನಲ್ಲಿ, ನಲವತ್ತು ಟೈಪರೈಟರುಗಳು ಒಮ್ಮೆಲೇ ಸದ್ದು ಮಾಡುತ್ತಿದ್ದಾಗ, ಇಪ್ಪತ್ತು ವರ್ಷದ ನೀಲಾಂಬಿಕಾ ಅವರ ಯಂತ್ರದ ಪಟ್ಟಿ ಕಡಿಯಿತು. ಟೈಪರೈಟರಿನಲ್ಲಿ ಕಾಗದವನ್ನು ಹಿಡಿದು ಕುಳಿತ ಮೇಲ್ಭಾಗಕ್ಕೆ ಕ್ಯಾರೇಜು ಎನ್ನುತ್ತಾರೆ. ಒಂದೊಂದು ಅಕ್ಷರ ಬಿದ್ದಂತೆ ಅದು ಒಂದೊಂದು ಹೆಜ್ಜೆ ಎಡಕ್ಕೆ ಸರಿಯಬೇಕು. ಸರಿಸುವುದು ಒಳಗೆ ಅಡಗಿರುವ, ಕಿರುಬೆರಳಷ್ಟು ಅಗಲದ ಒಂದು ಪಟ್ಟಿ. ಅದು ಕಡಿದರೆ ಕ್ಯಾರೇಜು ನಿಂತಲ್ಲೇ ನಿಲ್ಲುತ್ತದೆ. ಅಕ್ಷರದ ಮೇಲೆ ಅಕ್ಷರ ಬಿದ್ದು ಕಾಗದದಲ್ಲಿ ಕರಿಯ ಮಚ್ಚೆಯೊಂದು ಉಳಿಯುತ್ತದೆ.

ಅದು ಸೀನಿಯರ್ ಇಂಗ್ಲಿಷ್ ಪರೀಕ್ಷೆ. ಹತ್ತು ನಿಮಿಷ, ನಿಮಿಷಕ್ಕೆ ನಲವತ್ತೈದು ಪದ. ಮೂರು ನಿಮಿಷ ಆಗಲೇ ಕಳೆದಿತ್ತು. ಕೈಯೆತ್ತಿದರೆ ಮೇಲ್ವಿಚಾರಕರು ಬೇರೆ ಯಂತ್ರವಿಲ್ಲವೆಂದರು, ಮುಂದಿನ ಸಲ ನೋಡೋಣವೆಂದರು. ನೀಲಾಂಬಿಕಾ ಅವರ ಮನೆಯಲ್ಲಿ ಮುಂದಿನ ಸಲವೆಂಬುದು ಇರಲಿಲ್ಲ. ಒಂದು ಸಲಕ್ಕೆ ತಂದೆಯನ್ನು ಒಪ್ಪಿಸುವುದರಲ್ಲೇ ಎರಡು ವರ್ಷ ಹೋಗಿದ್ದವು. ಅವರು ಎಡಗೈಯಿಂದ ಕ್ಯಾರೇಜಿನ ಎಡತುದಿಯ ಗುಂಡಿಯನ್ನು ಹಿಡಿದು ಹದವಾಗಿ ಎಳೆಯುತ್ತ, ಬಲಗೈಯೊಂದರಿಂದಲೇ ಉಳಿದ ಏಳು ನಿಮಿಷ ಹೊಡೆದು ಮುಗಿಸಿದರು. ಮೊದಲ ದರ್ಜೆಯಲ್ಲಿ ಪಾಸಾದರು.

ಹೀಗೆಂದು ಅವರು ನಲವತ್ತೆಂಟು ವರ್ಷಗಳಿಂದ ಹೇಳುತ್ತ ಬಂದಿದ್ದರು.

ಹಾನಗಲ್ಲಿನಲ್ಲಿ ಅವರು ಟೈಪಿಂಗ್ ಶಾಲೆ ತೆರೆದದ್ದು ಆ ಪಾಸಿನ ಬಲದಿಂದಲೇ. ಒಂಬತ್ತು ಯಂತ್ರ, ಗೋಡೆಗೆ ಚೌಕಟ್ಟು ಹಾಕಿಸಿದ ಅಂಕಪಟ್ಟಿ, ಬಾಗಿಲಲ್ಲಿ ಸಾಲುಗಟ್ಟಿದ ಚಪ್ಪಲಿಗಳು. ಹಿರೇಕೆರೂರಿನಿಂದ ಬೆಳಗಿನ ಬಸ್ಸು ಹಿಡಿದು ಬರುತ್ತಿದ್ದ ಹುಡುಗಿಯರಿದ್ದರು. ಕೋರ್ಟಿನಲ್ಲಿ, ತಾಲೂಕು ಕಚೇರಿಯಲ್ಲಿ ಕೆಲಸ ಹಿಡಿದ ಮೇಲೂ ದಾರಿಯಲ್ಲಿ ಕಂಡರೆ ಸೈಕಲ್ಲಿನಿಂದ ಇಳಿದು ‘ಅಕ್ಕೋರ, ಆರಾಮ್ರೇನು’ ಎಂದು ಕೇಳುತ್ತಿದ್ದ ಗಂಡಸರಿದ್ದರು. ಹೊಸ ತಂಡ ಬಂದ ಮೊದಲ ದಿನ ಎ, ಎಸ್, ಡಿ, ಎಫ್ ಎಂಬ ನಾಲ್ಕು ಅಕ್ಷರಗಳ ಮೇಲೆ ಎಡಗೈಯ ನಾಲ್ಕು ಬೆರಳುಗಳನ್ನು ಕೂರಿಸುವುದು, ಎರಡನೆಯದಾಗಿ ಹಾವೇರಿಯ ಪರೀಕ್ಷೆಯ ಕಥೆ. ಬಲಗೈಯೊಂದರಿಂದ ಎಂಬಲ್ಲಿಗೆ ಬಂದಾಗಲೆಲ್ಲ ಅಕ್ಕೋರ ದನಿ ತುಸು ಏರುತ್ತಿತ್ತು. ಏಕೆ ಏರುತ್ತಿತ್ತೆಂಬುದು ಅವರೊಬ್ಬರಿಗೇ ಗೊತ್ತಿತ್ತು.

ಮುಂದೆ ಕಂಪ್ಯೂಟರು ಬಂತು, ಕಲಿಯುವವರು ಕಡಿಮೆಯಾದರು, ಶಾಲೆ ಮುಚ್ಚಿತು. ಎಂಟು ಯಂತ್ರಗಳು ತೂಕಕ್ಕೆ ಹೋದವು. ಒಂಬತ್ತನೆಯದು ಮಾಳಿಗೆಯ ಕೋಣೆಯ ಮೇಜಿನ ಮೇಲೆ, ಹಳೆಯ ಸೀರೆಯ ತುಂಡೊಂದನ್ನು ಹೊದ್ದುಕೊಂಡು ಉಳಿಯಿತು. ಮಗ ಮಾಲತೇಶನ ಕಬ್ಬಿಣದ ಸಾಮಾನಿನ ಅಂಗಡಿ ಚೆನ್ನಾಗಿಯೇ ನಡೆದಿತ್ತು. ಮೊಮ್ಮಗಳು ತನುಜಾ ಮನೆ ತುಂಬ ಓಡಾಡಿಕೊಂಡಿದ್ದಳು. ಆದರೂ ಅರವತ್ತೆಂಟರ ನೀಲಾಂಬಿಕಾ ಅವರಿಗೆ ಮಧ್ಯಾಹ್ನದ ಹೊತ್ತು ಮನೆ ಕಿವಿಗೆ ಬರಿದಾಗಿ ತೋರುತ್ತಿತ್ತು. ಒಂಬತ್ತು ಯಂತ್ರಗಳ ಸದ್ದಿನಲ್ಲಿ ಇಪ್ಪತ್ತಕ್ಕೂ ಮಿಕ್ಕಿದ ವರ್ಷ ಕಳೆದ ಕಿವಿ ಅದು.

ತನುಜಾ ಎರಡನೆಯ ಪಿಯುಸಿ ಪಾಸಾದಾಗ ಮನೆಯಲ್ಲಿ ತಂಟೆ ಶುರುವಾಯಿತು. ಒಳ್ಳೆಯ ಅಂಕ ಬಂದರೆ ಆಟದ ಯಂತ್ರ ಕೊಡಿಸುತ್ತೇನೆಂದು ಮಾಲತೇಶ ಮಾತು ಕೊಟ್ಟಿದ್ದ. ಅವನ ಮನಸ್ಸಿನಲ್ಲಿ ಇದ್ದದ್ದು ಗೇಮಿಂಗ್ ಪಿಸಿ, ಎಂದರೆ ಆಟಕ್ಕೆಂದೇ ಜೋಡಿಸಿದ ಕಂಪ್ಯೂಟರು: ಆಟವೂ ಆಯಿತು, ಓದೂ ಆಯಿತು, ಮಾಳಿಗೆಯ ಕೋಣೆಯಲ್ಲಿ ಮೇಜಿನ ಮೇಲೆ ಇಟ್ಟರೆ ಮನೆಯವರ ಟಿ.ವಿ.ಗೂ ತೊಂದರೆಯಿಲ್ಲ. ತನುಜಾಳಿಗೆ ಬೇಕಾಗಿದ್ದದ್ದು ಕನ್ಸೋಲ್. ಅದನ್ನು ಪಡಸಾಲೆಯ ಟಿ.ವಿ.ಗೆ ಜೋಡಿಸಬಹುದು, ಅದಕ್ಕೆ ಕೈಯಲ್ಲಿ ಹಿಡಿದು ಆಡುವ ಎರಡು ಕಂಟ್ರೋಲರು, ಚಾಪೆಯ ಮೇಲೆ ಇಬ್ಬರು ಕೂತು ಒಟ್ಟಿಗೆ ಆಡಬಹುದು. ಆ ಇನ್ನೊಬ್ಬಳು ಹಿಂದಿನ ಓಣಿಯ ಇಮ್ರಾನನ ಮಗಳು ಶಾಹೀನ. ಏಳನೆಯ ಇಯತ್ತೆಯಿಂದ ಈ ಇಬ್ಬರು ಹುಡುಗಿಯರು ಒಂದೇ ಫೋನನ್ನು ಎರಡು ತುದಿಗೆ ಹಿಡಿದು ಆಡುತ್ತ ಬಂದಿದ್ದರು. ಎಡತುದಿಯಲ್ಲಿ ಒಬ್ಬಳ ಹೆಬ್ಬೆರಳು ಓಡಿಸುವುದಕ್ಕೆ, ಬಲತುದಿಯಲ್ಲಿ ಇನ್ನೊಬ್ಬಳದು ಹೊಡೆಯುವುದಕ್ಕೆ. ತಲೆಗೆ ತಲೆ ತಾಗಿಸಿ ಕೂತ ಅವರನ್ನು ನೀಲಾಂಬಿಕಾ ದಿನವೂ ದಾಟಿ ಹೋಗುತ್ತಿದ್ದರು, ನಿಂತು ನೋಡಿದ್ದಿಲ್ಲ.

ಪಕ್ಕದ ಮನೆಯ ವೀರವ್ವ ಕಟ್ಟೆಯ ಮೇಲೆ ಕೂತು ಈ ವಾದವನ್ನೆಲ್ಲ ಕೇಳಿಸಿಕೊಂಡು ಗಾಬರಿಯಾಗಿದ್ದಳು. “ನಿಮ್ಮ ಮನಿಗೆ ಪಿಸಿ ಯಾಕ ಬರ್ತಾನ್ರಿ ಅಕ್ಕೋರ? ಏನರ ಕಳುವಾತೇನು?” ಎಂದು ಮೆಲ್ಲಗೆ ಕೇಳಿದಳು. ಅವಳ ಅಕ್ಕನ ಮಗ ಹಿರೇಕೆರೂರು ಠಾಣೆಯಲ್ಲಿ ಪಿಸಿ, ಎಂದರೆ ಪೊಲೀಸ್ ಕಾನ್ಸ್‌ಟೇಬಲ್. ಅವಳಿಗೆ ಗೊತ್ತಿದ್ದ ಪಿಸಿ ಅದೊಂದೇ. ತನುಜಾ ನಕ್ಕು, ಅಪ್ಪ ತರುವ ಪಿಸಿಯೂ ಮಾಳಿಗೆ ಮೇಲೆ ಕಾವಲು ಕೂಡುವುದೇ ಎಂದಳು.

ಮಾಲತೇಶ ಹಟಮಾರಿಯಲ್ಲ. ಮಗಳ ಮುಖ ಸಣ್ಣದಾದದ್ದನ್ನು ನೋಡಿ, ಅವ್ವ ಹೇಳಿದಂತೆ ಆಗಲಿ ಎಂದುಬಿಟ್ಟ. ಆ ಮನೆಯಲ್ಲಿ ದೊಡ್ಡ ಮಾತುಗಳೆಲ್ಲ ಕೊನೆಗೆ ನೀಲಾಂಬಿಕಾ ಅವರ ಬಳಿಗೇ ಬಂದು ನಿಲ್ಲುವುದು ರೂಢಿ. ಅವರು ಶಾಂತವಾಗಿ, ಕೀಲಿಮಣೆ ಇರುವುದೇ ವಿದ್ಯೆಯ ವಸ್ತು, ಆದರೂ ನೋಡಿಯೇ ಹೇಳುತ್ತೇನೆ ಎಂದರು. ಅವರ ಮನಸ್ಸು ಆಗಲೇ ಒಂದು ಕಡೆಗೆ ವಾಲಿತ್ತು, ವಿದ್ಯೆಯ ಕಾರಣಕ್ಕಾಗಿಯೂ ಅಲ್ಲ. ಮನೆಯಲ್ಲಿ ಮತ್ತೊಮ್ಮೆ ಕೀಲಿಗಳ ಸದ್ದು ಕೇಳಬೇಕು ಎಂಬ ಆಸೆಯನ್ನು ಅವರು ಯಾರೆದುರೂ ಬಾಯಿಬಿಟ್ಟು ಹೇಳಿರಲಿಲ್ಲ.

ಶಿಗ್ಗಾಂವಿಯ ಬಸ್ ನಿಲ್ದಾಣದ ಹತ್ತಿರ ವಸೀಮ ಎಂಬ ತರುಣ ಬಿಡಿಭಾಗಗಳನ್ನು ತರಿಸಿ ಕಂಪ್ಯೂಟರು ಜೋಡಿಸಿ ಕೊಡುತ್ತಿದ್ದ, ಕನ್ಸೋಲುಗಳನ್ನೂ ಇಟ್ಟಿದ್ದ. ರವಿವಾರ ಮೂವರೂ ಕಾರಿನಲ್ಲಿ ಅಲ್ಲಿಗೆ ಹೋದರು. ಬಣ್ಣದ ದೀಪಗಳು ಮಿನುಗುವ ಕಂಪ್ಯೂಟರೊಂದರ ಮುಂದೆ ಕೂತು ವಸೀಮ ಆಡಿ ತೋರಿಸತೊಡಗಿದ. ಪರದೆಯ ಮೇಲೆ ಯಾರೋ ಒಬ್ಬ ಮಂಜಿನ ಕಾಡಿನಲ್ಲಿ ಓಡುತ್ತಿದ್ದ. ಮಾಲತೇಶನೂ ತನುಜಾಳೂ ಕಾಡನ್ನು ನೋಡಿದರು. ನೀಲಾಂಬಿಕಾ ನೋಡಿದ್ದು ವಸೀಮನ ಎಡಗೈಯನ್ನು.

“ತಮ್ಮಾ, ಎ ಮ್ಯಾಲೆ ಕಿರಿಬೆರಳು ಬರಬೇಕು. ಉಂಗುರದ ಬೆರಳು ಇಟ್ಟೀಯಲ್ಲ, ಯಾರು ಕಲಿಸಿದ್ರು ನಿನಗ?”

“ಯಾರೂ ಕಲಿಸಿಲ್ರಿ ಅಜ್ಜಿ. ಇಲ್ಲಿ ಬರಿಯೋದಿಲ್ರಿ, ಬರೇ ಓಡೋದು.”

“ಓಡಾಕೂ ಒಂದು ಪದ್ಧತಿ ಇರ್ತೈತಿ.”

ವಸೀಮ ನಗುತ್ತ ಎದ್ದು ಕುರ್ಚಿ ಬಿಟ್ಟುಕೊಟ್ಟ. ಬರೆಯುವ ಪುಟವೊಂದನ್ನು ತೆರೆದು, ಪದ್ಧತಿ ತೋರಿಸಿರಿ ಎಂದ. ನೀಲಾಂಬಿಕಾ ಬೆನ್ನು ನೇರ ಮಾಡಿ ಕೂತರು, ಮಣಿಕಟ್ಟು ಎತ್ತಿದರು, ಎಂಟು ಬೆರಳುಗಳನ್ನು ಅವುಗಳ ಮನೆಗಳ ಮೇಲೆ ಇಟ್ಟರು. ಮೊದಲ ಕೀಲಿ ಒತ್ತಿದಾಗ ‘ಟಕ್’ ಎಂಬ ಸದ್ದು ಬಂತು. ಗಟ್ಟಿಯಾದ, ಖಚಿತವಾದ, ಕೆಳಗೆ ಲೋಹವಿದ್ದಂಥ ಸದ್ದು. ಆಟಗಾರರು ಇಂಥದ್ದನ್ನೇ ಬಯಸುತ್ತಾರೆ ಎಂದು ವಸೀಮ ಏನೋ ಹೇಳುತ್ತಿದ್ದ, ಅವರಿಗೆ ಕೇಳಿಸಲಿಲ್ಲ. ಕಣ್ಣು ಎದುರಿನ ಗೋಡೆಯ ಮೇಲೆ ನೆಟ್ಟಿತ್ತು, ಬೆರಳುಗಳು ತಮ್ಮಷ್ಟಕ್ಕೆ ಹೊರಟಿದ್ದವು. ಬೇರೆ ಗಿರಾಕಿಗಳು ಬಂದು ಹಿಂದೆ ನಿಂತರು. ಸಾಲು ತುದಿಗೆ ಬಂತು. ಆಗ ನೀಲಾಂಬಿಕಾ ಅವರ ಎಡಗೈ ತಾನಾಗಿ ಮೇಲೆದ್ದು, ಗಾಳಿಯಲ್ಲಿ ಏನನ್ನೋ ಹುಡುಕಿ, ಬಲಕ್ಕೆ ಬೀಸಿತು. ಮೇಜಿನ ಅಂಚಿಗೆ ಯಾರೋ ಇಟ್ಟಿದ್ದ ಚಹಾದ ಕಪ್ಪು ಹಾರಿ ಮಾಲತೇಶನ ಬಿಳಿ ಅಂಗಿಯ ಮೇಲೆ ಮಗುಚಿತು.

“ಏನ್ ಹುಡುಕಿದ್ರಿ ಅಜ್ಜಿ?” ಎಂದ ವಸೀಮ.

“ಸಾಲು ಮುಗೀತಲ್ಲೋ,” ಎಂದರು ನೀಲಾಂಬಿಕಾ. ಹೇಳಿದ ಮೇಲೆ ತಮಗೇ ನಗು ಬಂತು. ಟೈಪರೈಟರಿನಲ್ಲಿ ಸಾಲು ಮುಗಿದಾಗ ಗಂಟೆ ಬಾರಿಸುತ್ತದೆ, ಎಡತುದಿಯ ಹಿಡಿಕೆಯನ್ನು ಬಲಕ್ಕೆ ನೂಕಿ ಕ್ಯಾರೇಜನ್ನು ಮರಳಿ ತರಬೇಕು ಎಂದು ವಿವರಿಸಿದರು. ಅಲ್ಲಿಂದ ಮಾತು ಪಟ್ಟಿಗೆ ಬಂತು, ಪಟ್ಟಿಯಿಂದ ಹಾವೇರಿಯ ಪರೀಕ್ಷೆಗೆ. ಅಂಗಡಿಯಲ್ಲಿದ್ದವರೆಲ್ಲ ಕಿವಿಗೊಟ್ಟು ಕೇಳಿದರು. ವಸೀಮ ಅಜ್ಜಿ ಎನ್ನುವುದನ್ನು ಬಿಟ್ಟು ಅಕ್ಕೋರ ಎನ್ನತೊಡಗಿದ. ಆ ಕಥೆಯನ್ನು ನೂರು ಸಲ ಕೇಳಿದ್ದ ತನುಜಾ ಹಿಂದೆ ನಿಂತು, ಅಜ್ಜಿಯ ಒಂದೊಂದು ಮಾತಿಗೂ ಸರಿಯಾಗಿ ತುಟಿ ಆಡಿಸಿ ಅಣಕಿಸುತ್ತಿದ್ದಳು. ಬಲಗೈಯೊಂದರಿಂದ ಎಂಬಲ್ಲಿಗೆ ಬಂದಾಗ ಮಾತ್ರ ಅವಳ ತುಟಿ ನಿಂತಿತು. ತನ್ನ ಬಲಗೈಯನ್ನು ಎದುರಿಗೆ ಹಿಡಿದು, ಐದು ಬೆರಳುಗಳನ್ನೂ ಮಡಿಸಿ ಬಿಡಿಸಿ ನೋಡಿಕೊಂಡಳು.

ಕಂಪ್ಯೂಟರೇ ಆಗಲಿ ಎಂದು ನೀಲಾಂಬಿಕಾ ಹೇಳಿದರು. ಮುಂದಿನ ಸೋಮವಾರಕ್ಕೆ ಜೋಡಿಸಿ ಕೊಡುತ್ತೇನೆಂದು ವಸೀಮ ಬರೆದುಕೊಂಡ. ತಿರುಗಿ ಬರುವಾಗ ಕಾರಿನಲ್ಲಿ ತನುಜಾ ಅಜ್ಜಿಯನ್ನು ಒಂದೇ ಒಂದು ಮಾತು ಕೇಳಿದಳು.

“ಅದರ ಮುಂದ ಶಾಹೀನ ಎಲ್ಲಿ ಕುಂದರ್ಬೇಕು ಆಯಿ?”

“ನಿನ್ನ ಬಾಜೂಕ ಕುಂತು ನೋಡ್ಲಿ. ನೋಡಿದ್ರ ಏನಾಗ್ತೈತಿ?”

ಕಂಪ್ಯೂಟರಿಗೂ ಎರಡು ಕಂಟ್ರೋಲರು ಹಚ್ಚಬಹುದು ಎಂದು ಮಾಲತೇಶ ಸಮಾಧಾನ ಹೇಳಿದ. ಆದರೆ ಮಾಳಿಗೆಯ ಆ ಇಕ್ಕಟ್ಟಾದ ಕೋಣೆಯಲ್ಲಿ ಒಂದೇ ಕುರ್ಚಿಗೆ ಜಾಗವಿತ್ತು. ಅದು ಮೂವರಿಗೂ ಗೊತ್ತಿತ್ತು.

ಶನಿವಾರ ಬಂತು. ಹೊಸ ಯಂತ್ರಕ್ಕಾಗಿ ಮೇಜನ್ನು ತೆರವು ಮಾಡಿಡಿ ಎಂದು ಮಾಲತೇಶ ಹುಡುಗಿಯರಿಬ್ಬರಿಗೂ ಹೇಳಿ ಅಂಗಡಿಗೆ ಹೋದ. ಊಟ ಮುಗಿಸಿ ಪಡಸಾಲೆಯಲ್ಲಿ ಅಡ್ಡಾಗಿದ್ದ ನೀಲಾಂಬಿಕಾ ಅವರಿಗೆ ಮೇಲಿನಿಂದ ಸದ್ದು ಕೇಳಿಸಿತು. ಮೊದಲು ಕುಂಟುವ ಸದ್ದು. ಒಂದು ಅಕ್ಷರ, ತಡೆದು ಇನ್ನೊಂದು. ನಿಂತಿತು. ಹುಡುಗಿಯರು ಏನೋ ಗುಸುಗುಸು ಮಾತನಾಡಿದರು, ನಕ್ಕರು. ಆಮೇಲೆ ಬಂದ ಸದ್ದಿಗೆ ನೀಲಾಂಬಿಕಾ ಎದ್ದು ಕೂತರು. ಎರಡು ಕೈಗಳ ತುಂಬು ಹೊಡೆತ, ಎಡೆಬಿಡದೆ, ಮಳೆ ಹಿಡಿದ ಹಾಗೆ. ಸಾಲಿನ ಕೊನೆಗೆ ಗಂಟೆ ಬಾರಿಸಿತು. ಕ್ಯಾರೇಜು ಸರ್ರನೆ ಮರಳಿತು. ಹೊಡೆತ ಮತ್ತೆ ಮೊದಲಾಯಿತು.

ಅದು ಸಾಧ್ಯವಿರಲಿಲ್ಲ. ಆ ಯಂತ್ರದ ಪಟ್ಟಿ ಜೀರ್ಣವಾಗಿ ಕಳಚಿ ಬಿದ್ದು ಎಷ್ಟೋ ವರ್ಷಗಳಾಗಿದ್ದವು.

ಮೆಟ್ಟಿಲ ಪಕ್ಕದ ಕಟಾಂಜನ ಹಿಡಿದು ಅವರು ಮೇಲೇರಿದರು. ಬಾಗಿಲ ಬಳಿ ನಿಂತುಬಿಟ್ಟರು. ತನುಜಾ ಕುರ್ಚಿಯ ಮೇಲೆ ಬೆನ್ನು ನೇರ ಮಾಡಿ ಕೂತಿದ್ದಳು, ಚಿಕ್ಕಂದಿನಲ್ಲಿ ತಾವೇ ಕಲಿಸಿದ್ದ ಬೆರಳುಗಳಿಂದ ಹೊಡೆಯುತ್ತಿದ್ದಳು. ಅವಳ ಎಡಗಡೆ, ಮಗುಚಿ ಹಾಕಿದ ಡಬ್ಬಿಯೊಂದರ ಮೇಲೆ ಶಾಹೀನ. ಶಾಹೀನಳ ಬಲಗೈ ಕ್ಯಾರೇಜಿನ ಗುಂಡಿಯನ್ನು ಹಿಡಿದು, ಬಲು ಹಗುರವಾಗಿ, ಒಂದೇ ಹದದಲ್ಲಿ ಎಳೆಯುತ್ತಿತ್ತು. ಗಂಟೆ ಬಾರಿಸಿದೊಡನೆ ಅವಳೇ ಹಿಡಿಕೆಯನ್ನು ನೂಕಿ ಸಾಲನ್ನು ಮರಳಿಸುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ.

ನೀಲಾಂಬಿಕಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು.

ಅಜ್ಜಿಯನ್ನು ಕಂಡು ತನುಜಾ ಕೈ ನಿಲ್ಲಿಸಿದಳು. ಅವಳ ದನಿಯಲ್ಲಿ ಕೊಂಕೇನೂ ಇರಲಿಲ್ಲ. “ನೀ ಹೇಳ್ದಂಗ ಮಾಡಿ ನೋಡಾಕತ್ತಿದ್ವಿ ಆಯಿ. ಒಂದ ಕೈಲೆ ಆಗವಲ್ದು. ಫೋನಿನಾಗ ವ್ಯಾಳೆ ಹಚ್ಚಿದ್ವಿ, ನಿಮಿಷಕ್ಕ ಹನ್ನೊಂದು ಪದಕ್ಕ ನಿಂತ್ವಿ. ಅದಕ್ಕ ಶಾಹೀನ ಎಳಿಯಾಕತ್ತಾಳ. ಈಗ ಮೂವತ್ತು ದಾಟ್ತು.”

ಹೌದು ಎಂದರೆ ಅಲ್ಲಿಗೇ ಮುಗಿಯುತ್ತಿತ್ತು. ನಮ್ಮ ಕಾಲದ ಕೈಗಳೇ ಬೇರೆ, ನಿಮಗೆಲ್ಲಿ ಬರಬೇಕು ಎಂದಿದ್ದರೆ ಹುಡುಗಿಯರು ನಂಬಿಯೂ ಬಿಡುತ್ತಿದ್ದರು. ಸೋಮವಾರ ಆ ಮೇಜಿನ ಮೇಲೆ ಕೀಲಿಗಳ ಸದ್ದು ಹುಟ್ಟುತ್ತಿತ್ತು. ನೀಲಾಂಬಿಕಾ ಅವರ ಬಾಯಿಯ ತನಕ ಆ ಮಾತು ಬಂದಿತ್ತು. ಆದರೆ ಅವರ ಕಣ್ಣು ಶಾಹೀನಳ ಕೈಯಿಂದ ಕದಲಲೊಲ್ಲದಾಗಿತ್ತು.

ಅವರು ಹೊಸ್ತಿಲ ಮೇಲೆಯೇ ಕೂತರು. “ನಮ್ಮದೂ ಹಂಗ ಇತ್ತು,” ಎಂದರು. “ಎಳದಾಕಿ ನಾ ಅಲ್ಲ.”

ಎಳೆದವಳು ಮುಮ್ತಾಜಬೇಗಂ. ಹಾನಗಲ್ಲಿನವಳೇ, ಸರೀಕಳು, ಇಬ್ಬರೂ ಒಂದೇ ಯಂತ್ರದ ಮೇಲೆ ಅರ್ಧರ್ಧ ತಾಸು ಹಂಚಿಕೊಂಡು ಕಲಿತವರು. ಪರೀಕ್ಷೆಯ ದಿನ ಅವಳ ಮೇಜು ನೀಲಾಂಬಿಕಾ ಅವರ ಮೇಜಿಗೆ ತೀರ ಹತ್ತಿರ, ಎಡಗಡೆಗೆ ಇತ್ತು. ಪಟ್ಟಿ ಕಡಿದಾಗ ನೀಲಾಂಬಿಕಾ ಎಡಗೈಯಿಂದ ಎಳೆದು ಬಲಗೈಯಿಂದ ಹೊಡೆದು ನೋಡಿದ್ದು ನಿಜ. ಅರ್ಧ ಸಾಲಿಗೇ ಕಣ್ಣು ಕತ್ತಲಿಟ್ಟಿತು. ಆಗ ಎಡಗಡೆಯ ಯಂತ್ರದ ಸದ್ದು ನಿಂತಿತು. ಮುಖ ತಿರುಗಿಸದೆ, ತನ್ನ ಕಾಗದದ ಮೇಲೆಯೇ ಕಣ್ಣಿಟ್ಟು, ಮುಮ್ತಾಜ ಬಲಗೈ ಚಾಚಿ ಗುಂಡಿಯನ್ನು ಹಿಡಿದಳು. ಏಳು ನಿಮಿಷ ಬಿಡಲಿಲ್ಲ. ಮೇಲ್ವಿಚಾರಕರು ಒಮ್ಮೆ ಹತ್ತಿರ ಬಂದರು, ನೋಡಿದರು, ಕಿಟಕಿಯ ಕಡೆಗೆ ಹೋಗಿ ಕನ್ನಡಕ ಒರೆಸುತ್ತ ಗಂಟೆಯಾಗುವವರೆಗೂ ಬೆನ್ನು ತಿರುಗಿಸಿ ನಿಂತರು. ಮುಮ್ತಾಜಳ ಕಾಗದದಲ್ಲಿ ಮೂರು ನಿಮಿಷದ ಸಾಲುಗಳಷ್ಟೇ ಇದ್ದವು. ಅವಳ ಮನೆಯಲ್ಲಿಯೂ ಮುಂದಿನ ಸಲವೆಂಬುದು ಇರಲಿಲ್ಲ. ವರ್ಷದೊಳಗೆ ಸವಣೂರಿಗೆ, ವೀಳ್ಯದೆಲೆಯ ತೋಟದವರ ಮನೆಗೆ ಮದುವೆಯಾಗಿ ಹೋದಳು.

“ಮತ್ತ ಯಾಕ ಹೇಳಲಿಲ್ಲ ಆಯಿ?” ಎಂದಳು ತನುಜಾ.

“ಮೊದಲ ಹೆದರಿಕಿ ಇತ್ತು. ಗೊತ್ತಾದ್ರ ಪಾಸು ರದ್ದು ಮಾಡ್ತಾರಂತ. ಆಮ್ಯಾಲೆ ಹಂಗ ಹೇಳೋದು ರೂಢಿ ಆತು.” ನೀಲಾಂಬಿಕಾ ತಮ್ಮ ಬಲಗೈಯನ್ನು ನೋಡಿಕೊಂಡರು. “ರೂಢಿ ಅಷ್ಟ ಅಲ್ಲ. ರುಚಿ ಹತ್ತಿತ್ತು.”

ಮುಮ್ತಾಜ ವರ್ಷಕ್ಕೊಮ್ಮೆ ತವರಿಗೆ ಬರುತ್ತಿದ್ದಳಂತೆ. ಬಂದಾಗ ಸವಣೂರಿನ ಎಲೆಯ ಕಟ್ಟೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಟೈಪಿಂಗ್ ಶಾಲೆಗೆ ತಪ್ಪದೆ ಬಂದು ಹಿಂದಿನ ಬೆಂಚಿನ ಮೇಲೆ ಕೂಡುತ್ತಿದ್ದಳು. ಎಷ್ಟೋ ಸಲ ಅವಳ ಎದುರಿಗೇ ಹೊಸ ತಂಡಕ್ಕೆ ಆ ಕಥೆ ನಡೆದಿತ್ತು; ನೀಲಾಂಬಿಕಾ ಗಾಳಿಯಲ್ಲಿ ಎಡಗೈ ಎಳೆದು, ಬಲಗೈ ಆಡಿಸಿ ಅಭಿನಯಿಸಿ ತೋರಿಸುತ್ತಿದ್ದರು. ಮುಮ್ತಾಜ ಎಲೆಯ ತೊಟ್ಟು ಮುರಿಯುತ್ತ, ಸುಣ್ಣ ಸವರುತ್ತ ಕೇಳುತ್ತಿದ್ದಳು. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

“ಒಮ್ಮೆ ಮಾತ್ರ ಹೋಗೂಮುಂದ ಬಾಗಿಲದಾಗ ನಿಂತು ಅಂದ್ಲು: ‘ನೀಲಾ, ಕಥಿ ಚಲೋ ಹೇಳ್ತಿ. ಆದ್ರ ಅಷ್ಟು ಜಗ್ಗಿ ತೋರಿಸಬ್ಯಾಡ. ಅಷ್ಟು ಜಗ್ಗಿದ್ರ ಅಕ್ಷರ ಹಾರ್ತಾವ.’” ನೀಲಾಂಬಿಕಾ ಸೆರಗಿನಿಂದ ಮೂಗು ಒರೆಸಿಕೊಂಡರು. “ಎಳದಾಕಿಗೇ ಗೊತ್ತು, ಎಷ್ಟು ಎಳೀಬೇಕು ಅಂತ. ಆಕಿ ತೀರಿಕೊಂಡು ನಾಲ್ಕು ವರ್ಷಾತು. ಆಕಿ ಇದ್ದಾಗ ಹೇಳಬೇಕಿತ್ತು, ಆ ಬೆಂಚಿನ ಮ್ಯಾಲೆ ಆಕಿ ಕುಂತಾಗ.”

ಶಾಹೀನಳ ಕೈ ಇನ್ನೂ ಗುಂಡಿಯ ಮೇಲೆಯೇ ಇತ್ತು. ತೆಗೆಯಬೇಕೋ ಬಿಡಬೇಕೋ ಅವಳಿಗೆ ತಿಳಿಯದಂತಿತ್ತು.

ನೀಲಾಂಬಿಕಾ ತನುಜಾಳ ಫೋನನ್ನು ಬೇಡಿ ಪಡೆದು, ಶಿಗ್ಗಾಂವಿಗೆ ಹಚ್ಚಿಕೊಡು ಎಂದರು. ಅತ್ತ ವಸೀಮ ಎತ್ತಿದ.

“ತಮ್ಮಾ, ನಾ ಹಾನಗಲ್ ಅಕ್ಕೋರು. ಆ ಕಂಪ್ಯೂಟರ ಬ್ಯಾಡ. ಟಿ.ವಿ.ಗೆ ಹಚ್ಚೋದು ಐತಲ್ಲ, ಎರಡು ಹಿಡಿಕಿದ್ದು, ಅದನ್ನ ತೆಗದಿಡು.”

“ಯಾಕ್ರಿ ಅಕ್ಕೋರ? ನಿಮ್ಮ ಬೆರಳಿಗೆ ಬರೋಬ್ಬರಿ ಕೂಡತಿತ್ತಲ್ರಿ.”

“ಕೂಡತಿತ್ತೋ. ಖರೇ ಹೇಳ್ತೇನಿ, ಆ ಸದ್ದು ಇನ್ನೂ ಕಿವ್ಯಾಗ ಐತಿ. ಆದ್ರ ಅದಕ್ಕ ಒಂದ ಕುರ್ಚಿ. ನಮ್ಮ ಮನ್ಯಾಗ ಆಡವ್ರು ಇಬ್ರು.”

ಸಂಜೆ ಮಾಲತೇಶ ಅಂಗಡಿಯಿಂದ ಬಂದಾಗ ಅವನಿಗೆ ಅವರು ಇಷ್ಟೇ ಹೇಳಿದರು. ಉಳಿದದ್ದನ್ನು ನಾಳೆ ಹೇಳುವೆನೆಂದರು. ಮಗನೆದುರು ಹೇಳಲು ಇನ್ನೊಂದು ರಾತ್ರಿಯ ಧೈರ್ಯ ಬೇಕಾಗಿತ್ತು. ಆದರೆ ಅದಕ್ಕೂ ಮುಂಚೆ, ಮಧ್ಯಾಹ್ನದ ಆ ಕೋಣೆಯಲ್ಲಿ, ಫೋನು ಕೆಳಗಿಟ್ಟು ನೀಲಾಂಬಿಕಾ ಹೊಸ್ತಿಲಿಂದ ಏಳಲು ಹೊರಟಾಗ, ತನುಜಾ ಕುರ್ಚಿಯಿಂದಿಳಿದು ಬಂದು ಅವರ ಮುಂದೆ ನೆಲದ ಮೇಲೆ ಕೂತಿದ್ದಳು. ಶಾಹೀನಳನ್ನೂ ಕೈಹಿಡಿದು ಪಕ್ಕಕ್ಕೆ ಎಳೆದುಕೊಂಡಿದ್ದಳು. ನೂರು ಸಲ ತುಟಿಯಲ್ಲೇ ಅಣಕಿಸಿದ ಹುಡುಗಿ ಈಗ ಅಜ್ಜಿಯ ಮೊಣಕಾಲಿನ ಮೇಲೆ ಕೈಯಿಟ್ಟು ಕೇಳಿದಳು:

“ಏಳಬ್ಯಾಡ ಆಯಿ. ಇನ್ನೊಮ್ಮೆ ಹೇಳು. ಪಟ್ಟಿ ಕಡೀತಲ್ಲ, ಅಲ್ಲಿಂದ.”